ಕಮಾನು ಗಾಡಿಯ ಗತ್ತು

ಈಸೂರು ಅಂದರೆ 1942. ವೀರಭದ್ರ ದೇವರ ಗುಡಿಗೆ ಬಾವುಟ ಏರಿಸಿ, ತನ್ನದೇ ಸರ್ಕಾರ ಸಾರಿಕೊಂಡ ಊರು. ಆ ಕತೆ ಎಲ್ಲರಿಗೂ ಗೊತ್ತು. ಅದೇ ಕಾಲಕ್ಕೆ ಈಸೂರಿನ ಸುತ್ತಲ ಶಿಕಾರಿಪುರ, ಸೊರಬ ಸೀಮೆಯ ಉಳ್ಳವರ ಅಂಗಳದಲ್ಲಿ ನಿಲ್ಲುತ್ತಿದ್ದ ಕಮಾನು ಗಾಡಿಯನ್ನು ಈಗ ನೆನೆಯುವವರು ಕಡಿಮೆ.

ಇದು ಹೇಳಿ ಮಾಡಿಸಿದ ಗಾಡಿ. ಬಗ್ಗಿಸಿದ ಬಿದಿರ ಕಮಾನು, ಅದರ ಮೇಲೆ ಚಾಪೆ, ಒಳಗೆ ಹುಲ್ಲಿನ ಮೆತ್ತೆ, ಮೇಲೊಂದು ಜಮಖಾನ. ಎತ್ತಿನ ಕೊರಳಿಗೆ ಗೆಜ್ಜೆ, ಕೋಡಿಗೆ ಗೊಂಡೆ. ಬೀಗರ ಊರಿಗೆ ಹೊರಟರೆ ಓಣಿಯೆಲ್ಲ ಹೊಸಿಲಿಗೆ ಬರುತ್ತಿತ್ತು. 'ಒಂದು ಬುಟ್ಟಿ ಗೊಬ್ಬರ ಹೊರದ ಗಾಡಿ ಯಾತಕ್ಕೆ?' ಎಂದು ಮೂಗು ಮುರಿಯುವವರೂ ಅಲ್ಲೇ ನಿಂತಿರುತ್ತಿದ್ದರು.

ಶೃಂಗಾರ ಏನೇ ಇರಲಿ, ಬಡಗಿಯ ಕಸುಬು ಗೊತ್ತಾಗುತ್ತಿದ್ದುದು ಗಾಲಿಯಲ್ಲಿ. ನಡುವಿನ ಗುಂಬಕ್ಕೆ ಅರೆಕಾಲು ಬಡಿದು, ಸುತ್ತುಮರ ಕೂರಿಸಿದ ಮೇಲೆ ಹಳಿ ಹಾಕುವ ದಿನ ಬರುತ್ತಿತ್ತು. ಕಬ್ಬಿಣದ ಬಳೆ ಗಾಲಿಗಿಂತ ಕೂದಲೆಳೆ ಚಿಕ್ಕದಿರಬೇಕು. ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾದು ಹಿಗ್ಗಿದಾಗ ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ, ಮರ ಹೊತ್ತಿಕೊಳ್ಳುವ ಮೊದಲೇ ಕೊಡ ಕೊಡ ನೀರು ಸುರಿಯಬೇಕು. ಹಬೆಯೊಳಗಿಂದ ಕಿರ್‌ ಕಿರ್‌ ಸದ್ದು. ತಣಿದ ಕಬ್ಬಿಣ ಒಂದೊಂದು ಸಂದನ್ನೂ ಅಮುಕಿ ಹಿಡಿಯುತ್ತಿತ್ತು. ಅಳತೆ ತಪ್ಪಿದರೆ ಹಳಿ ಬೇಸಿಗೆಗೇ ಕಳಚಿಕೊಳ್ಳುತ್ತಿತ್ತು. ಆಮೇಲೆ ಅಚ್ಚಿಗೆ ಕೀಲೆಣ್ಣೆ: ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ್ದು.

ವಿಲಾಯಿತಿಯಲ್ಲೂ ಹೀಗೆ ಹೇಳಿ ಮಾಡಿಸುವ ಗಾಡಿಯ ಕಸುಬು ಬೇರೆ ಹೆಸರಲ್ಲಿ ನಡೆದಿತ್ತು. ಡೈಮ್ಲರ್ ಕಾರು ಕಂಪನಿ ಚಾಸಿ ಕೊಟ್ಟರೆ ಲಂಡನ್ನಿನ ಹೂಪರ್ ಸಂಸ್ಥೆ ಅದರ ಮೇಲೆ ಬಾಡಿ ಕಟ್ಟುತ್ತಿತ್ತು. ಡೈಮ್ಲರ್‌ನ ಒಡೆತನ ಹೊಂದಿದ್ದ ಬಿಎಸ್‌ಎ ಕಂಪನಿಯ ಅಧ್ಯಕ್ಷ ಬರ್ನಾರ್ಡ್ ಡಾಕರ್ ಅವರ ಪತ್ನಿ ನೋರಾ 1951ರಿಂದ 1955ರವರೆಗೆ ಹೀಗೆ ಐದು ಕಾರು ಮಾಡಿಸಿದರು. ಕೊನೆಯದು 'ಗೋಲ್ಡನ್ ಝೀಬ್ರಾ': ಕ್ರೋಮ್ ಇರಬೇಕಾದಲ್ಲಿ ಚಿನ್ನದ ಲೇಪ, ಸೀಟಿಗೆ ಝೀಬ್ರಾ ಚರ್ಮ. ನೋಡಲು ಜನ ಮುಗಿಬಿದ್ದರು. ಅಭಿರುಚಿಗೇಡು ಎಂದೂ ಆಡಿಕೊಂಡರು. 1956ರಲ್ಲಿ ಡಾಕರ್ ಪದವಿ ಕಳೆದುಕೊಂಡರು. ಚಾಸಿ, ಬಾಡಿ ಒಂದೇ ಆಗಿ ಕಾರ್ಖಾನೆಯಿಂದಲೇ ಬರತೊಡಗಿದ ಮೇಲೆ ಅಂಥ ಕುಶಲಿಗಳಿಗೆ ಕೆಲಸ ಉಳಿಯಲಿಲ್ಲ. ಹೂಪರ್ ಬಾಡಿ ಕಟ್ಟುವುದನ್ನು ನಿಲ್ಲಿಸಿದ್ದು 1959ರಲ್ಲಿ. ನಮ್ಮ ಬಡಗಿಯ ಕುಲುಮೆ ಆರಿಸಿದ್ದು ರಬ್ಬರ್ ಟೈರಿನ ಗಾಡಿ, ಅದರ ಬೆನ್ನಿಗೇ ಬಂದ ಟ್ರ್ಯಾಕ್ಟರು.

ಝೀಬ್ರಾ ಚರ್ಮದ ಸೀಟಿಗಿಂತ ಹುಲ್ಲಿನ ಮೆತ್ತೆಯೇ ನನಗೆ ಲೇಸು. ಚಿನ್ನ ಬಳಿದ ಕಾರಿನ ಫೋಟೊ ಸಾಕಷ್ಟಿವೆ. ನಿಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಹಳೇ ಗಾಲಿಯೊಂದು ಒರಗಿದ್ದರೆ ಒಲೆಗೆ ಹಾಕಬೇಡಿ. ಅದನ್ನು ಮಾಡಿದ ಬಡಗಿ ಯಾರೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ.