ಗಡಿ ದಾಟಿದ ಜೀಪು, ಬೆನ್ನಟ್ಟಿ ಬಂದ ದಂಡ

ಕಾಳುಮೆಣಸಿನ ಕೊಯ್ಲು ಮುಗಿದು, ಅಡಿಕೆ ಮಂಡಿ ಸೇರಿದ ಮೇಲೆ ನಮ್ಮ ಕಡೆಯ ಬೆಳೆಗಾರರು ಮನೆಮಂದಿಯೊಡನೆ ಯಾತ್ರೆ ಹೊರಡುವುದು ವಾಡಿಕೆ. ಹಾಗೆಯೇ ನಾವೂ ಒಂದು ಬೇಸಿಗೆಯಲ್ಲಿ ಜೀಪು ಹತ್ತಿದೆವು. ಗಂಗಾವತಿ ಬಳಿಯ ಅಂಜನಾದ್ರಿ ಏರಿ, ಕೊಪ್ಪಳದಲ್ಲಿ ತಂಗಿ, ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರ ಮಹಾದೇವ ದೇವಾಲಯ ನೋಡಿ, ಕುಷ್ಟಗಿಯಲ್ಲಿ ಹೆದ್ದಾರಿ ಸೇರಿ, ವಿಜಯಪುರದ ಮೇಲೆ ಪಂಢರಪುರಕ್ಕೆ ಹೋಗುವುದೆಂದು ನಿಶ್ಚಯ.

ಘಟ್ಟದ ತಿರುವುಗಳಿಗೆ ಒಗ್ಗಿದ ಕಾಲು ಕುಷ್ಟಗಿಯ ಬಯಲು ಕಂಡಾಗ ತಾನಾಗಿಯೇ ಒತ್ತುತ್ತದೆ. ರಸ್ತೆ ನೇರ, ನಾಲ್ಕು ಪಥ, ಎರಡೂ ಕಡೆ ಖಾಲಿ ಹೊಲ. ಅದೇ ಹುರುಪಿನಲ್ಲಿ ರಾಜ್ಯದ ಗಡಿಯನ್ನೂ ದಾಟಿದೆವು. ಯಾರೂ ತಡೆಯಲಿಲ್ಲ, ಸೀಟಿ ಊದಲಿಲ್ಲ.

ಏಳು ತಿಂಗಳ ನಂತರ ಜೀಪು ಮಾರಲು ಹೊರಟಾಗ, ಕೊಳ್ಳಲು ಬಂದವರು ಮೊಬೈಲಿನಲ್ಲಿ ನಂಬರು ಹಾಕಿ ನೋಡಿ, "ಹೊರರಾಜ್ಯದ ದಂಡ ಬಾಕಿ ಇದೆಯಲ್ಲ ಸ್ವಾಮಿ" ಎಂದರು. 60 ಎಂದು ಫಲಕವಿದ್ದ ಕಡೆ ನಾವು 84ರಲ್ಲಿ ಹೋಗಿದ್ದೆವು. ಫೋಟೋದಲ್ಲಿ ನಮ್ಮದೇ ಜೀಪು, ಮೇಲೆ ಕಟ್ಟಿದ್ದ ಚಾಪೆ ಸಹಿತ. ಸಂದೇಶವೇಕೆ ಬರಲಿಲ್ಲವೆಂದರೆ, ಆರ್.ಸಿ.ಗೆ ಸೇರಿಸಿದ್ದ ಮೊಬೈಲು ನಂಬರು ಹಿಂದೆ ಕಾಗದಪತ್ರ ಮಾಡಿಸಿಕೊಟ್ಟ ಮಧ್ಯವರ್ತಿಯದು! ವಿಳಾಸವೋ, ತಂದೆಯವರ ಕಾಲದ ಹಳೆಯ ಮನೆಯದು. ವಿಳಾಸ ಬದಲಾದರೆ 30 ದಿನದೊಳಗೆ ತಿಳಿಸಬೇಕೆಂದು ಕಾಯಿದೆ ಹೇಳುತ್ತದೆ. ನಮ್ಮಲ್ಲಿ ಎಷ್ಟು ಮನೆಯವರು ತಿಳಿಸಿದ್ದೇವೆ?

ಕಾಯಿದೆ ದೇಶಕ್ಕೆಲ್ಲ ಒಂದೇ, 1988ರ ಮೋಟಾರು ವಾಹನ ಕಾಯಿದೆ. ಅತಿವೇಗಕ್ಕೆ ಮೊದಲು 400 ರೂಪಾಯಿ ಇದ್ದದ್ದು 2019ರ ಸೆಪ್ಟೆಂಬರ್ 1ರಿಂದ ಲಘು ವಾಹನಕ್ಕೆ 1,000ದಿಂದ 2,000, ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000 ಆಯಿತು. ಸ್ಥಳದಲ್ಲೇ ಇತ್ಯರ್ಥಕ್ಕೆ ಎಷ್ಟು ಕಟ್ಟಬೇಕೆಂಬುದನ್ನು ಆಯಾ ರಾಜ್ಯ ಗೊತ್ತುಪಡಿಸುವುದರಿಂದ ಗಡಿಯಾಚೆ ಮೊತ್ತ ಬೇರೆಯಾಗಬಹುದು. ಪಿಕಪ್ಪು ಓಡಿಸಿದ್ದು ಡ್ರೈವರ್ ಎಂದು ಕೈತೊಳೆದುಕೊಳ್ಳುವಂತಿಲ್ಲ. ಸಂಬಳದವನಿಂದ ಮಿತಿ ಮೀರಿ ಓಡಿಸಿದ ಮಾಲೀಕನಿಗೂ 183ನೇ ಕಲಂ ಅನ್ವಯಿಸುತ್ತದೆ.

(ಒಂದು ಮಾತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ 1956ರವರೆಗೆ ಹೈದರಾಬಾದು ರಾಜ್ಯದಲ್ಲಿದ್ದವು. ಆಗ ಹೊಸಪೇಟೆಯಿಂದ ತುಂಗಭದ್ರೆ ದಾಟಿದರೆ ಅದೇ ಹೊರರಾಜ್ಯ.)

ಕ್ಯಾಮರಾದ ದಂಡಕ್ಕೂ ನಿಯಮವುಂಟು. 2021ರಲ್ಲಿ ಸೇರಿಸಿದ 167-ಎ ನಿಯಮದಂತೆ ನೋಟೀಸು 15 ದಿನದೊಳಗೆ ಹೊರಡಬೇಕು; ಅದರಲ್ಲಿ ನಂಬರು ಕಾಣುವ ಫೋಟೋ, ಯಂತ್ರ ಅಳೆದ ವೇಗ, ದಿನಾಂಕ, ಹೊತ್ತು, ಸ್ಥಳ ಇರಬೇಕು. ಇವನ್ನು ಮೊದಲು ನೋಡಿ. ಗಾಡಿ ನಮ್ಮದಲ್ಲದಿದ್ದರೆ, ಒಂದಂಕಿ ತಪ್ಪಿ ಬಂದಿದ್ದರೆ, ಹೆದರಿ ಕಟ್ಟಬೇಡಿ. ಪರಿವಾಹನ ಇ-ಚಲನ್ ತಾಣದಲ್ಲೇ ಕೂಡಲೇ ದೂರು ಕೊಡಿ. ತಡಮಾಡಿದರೆ ಕಷ್ಟ. ಕಟ್ಟದೆ ಬಿಟ್ಟದ್ದು ಹಲವು ರಾಜ್ಯಗಳಲ್ಲಿ ವರ್ಚುವಲ್ ಕೋರ್ಟಿಗೆ ಹೋಗುತ್ತದೆ. ಅಲ್ಲಿ ತಪ್ಪೊಪ್ಪಿಕೊಂಡು ದಂಡ ತೆರುವುದು ಮನೆಯಿಂದಲೇ ಆಗುತ್ತದೆ. ತಕರಾರು ತೆಗೆದರೆ ಪ್ರಕರಣ ಆ ಸೀಮೆಯ ಮಾಮೂಲು ನ್ಯಾಯಾಲಯಕ್ಕೆ. ಎರಡು ಸಾವಿರಕ್ಕಾಗಿ ತೋಟ ಬಿಟ್ಟು ಐನೂರು ಕಿಲೋಮೀಟರು ಹೋಗುವವರಾರು? ರಿಯಾಯಿತಿಗೆ ಕಾಯುವುದೂ ವ್ಯರ್ಥ. ನಮ್ಮ ಸರ್ಕಾರ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಅರ್ಧ ಬಿಟ್ಟುಕೊಟ್ಟದ್ದು ಕರ್ನಾಟಕದ ದಂಡಕ್ಕೆ ಮಾತ್ರ.

ದಾರಿಯಲ್ಲಿ ಸಮವಸ್ತ್ರದ ಅಧಿಕಾರಿ ತಡೆದರೆ ಲೈಸೆನ್ಸು ತೋರಿಸಿ. ಹಣ ಕೊಟ್ಟರೆ ರಸೀದಿ, ಲೈಸೆನ್ಸು ಇಟ್ಟುಕೊಂಡರೆ ಅದಕ್ಕೂ ಸ್ವೀಕೃತಿ ಕೇಳಿ ಪಡೆಯಿರಿ. ವಾಟ್ಸಾಪಿನಲ್ಲಿ 'ದಂಡದ ನೋಟೀಸು' ಎಂದು ಬರುವ ಎ.ಪಿ.ಕೆ. ಫೈಲನ್ನು ಮಾತ್ರ ಮುಟ್ಟಲೇಬೇಡಿ. ಅದು ಬ್ಯಾಂಕಿನ ಹಣ ದೋಚುವವರ ಬಲೆ.

ನಾವು ದಂಡ ಕಟ್ಟಿದೆವು, ತಪ್ಪು ನಮ್ಮದೇ. ನಂಬರು, ವಿಳಾಸ ಎರಡನ್ನೂ ಸರಿಪಡಿಸಿಕೊಂಡೆವು. ಅಷ್ಟರಲ್ಲಿ ಕೊಳ್ಳಲು ಬಂದವರು ಬೇರೆ ಗಾಡಿ ಹಿಡಿದಿದ್ದರು. ಜೀಪು ಇನ್ನೂ ನಮ್ಮ ಕೊಟ್ಟಿಗೆಯ ಪಕ್ಕದಲ್ಲೇ ನಿಂತಿದೆ.