ಗುರಾಣಿ ಯಾರಪ್ಪನ ಆಸ್ತಿ?

ಲಂಡನ್ನಿನ ಫ್ರೈಡೇ ಸ್ಟ್ರೀಟ್‌ನಲ್ಲಿ ಹೋಗುತ್ತಿದ್ದ ಕವಿ ಜೆಫ್ರಿ ಚಾಸರ್‌ಗೆ ಒಂದು ಫಲಕ ಕಣ್ಣಿಗೆ ಬಿತ್ತು. ನೀಲಿ ಮೈ, ಅದರ ಮೇಲೆ ಮೂಲೆಯಿಂದ ಮೂಲೆಗೆ ಓರೆಯಾಗಿ ಎಳೆದ ಚಿನ್ನದ ಪಟ್ಟಿ. ಇದು ಸ್ಕ್ರೋಪ್ ಮನೆತನದ ಲಾಂಛನವಲ್ಲವೇ, ಇಲ್ಲಿ ಯಾರು ತೂಗುಹಾಕಿದರು ಎಂದು ಅಲ್ಲಿದ್ದವನನ್ನು ವಿಚಾರಿಸಿದ. ಸ್ಕ್ರೋಪರದ್ದಲ್ಲ, ಚೆಷೈರ್‌ನ ಸರ್ ರಾಬರ್ಟ್ ಗ್ರೋವ್ನರ್ ಎಂಬಾತನದು ಎಂದು ಉತ್ತರ ಬಂತು. ಆ ಗ್ರೋವ್ನರ್ ಯಾರೆಂಬುದು ಅಲ್ಲಿಯ ತನಕ ತನಗೆ ಗೊತ್ತೇ ಇರಲಿಲ್ಲ ಎಂದು ಚಾಸರ್ 1386ರಲ್ಲಿ ಪ್ರಮಾಣ ಮಾಡಿ ಸಾಕ್ಷಿ ಹೇಳಿದ.

ವ್ಯಾಜ್ಯ ಹುಟ್ಟಿದ್ದು ಅದರ ಹಿಂದಿನ ವರ್ಷ. ಎರಡನೆಯ ರಿಚರ್ಡ್ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋದಾಗ ಒಂದೇ ಪಾಳೆಯದಲ್ಲಿ ಇಬ್ಬರು ಸರದಾರರು ಒಂದೇ ಲಾಂಛನ ಹೊತ್ತು ಬಂದುಬಿಟ್ಟಿದ್ದರು. ಒಂದು ಓರೆಪಟ್ಟಿಗಾಗಿ ವರ್ಷಗಟ್ಟಲೆ ವಿಚಾರಣೆ ನಡೆಯಿತು, ನೂರಾರು ಜನ ಸಾಕ್ಷಿಕಟ್ಟೆ ಹತ್ತಿದರು. ಕಾರ್ನ್‌ವಾಲ್‌ನ ಕಾರ್ಮಿನೋ ಎಂಬ ಇನ್ನೊಂದು ಮನೆತನವೂ ಇದೇ ಪಟ್ಟಿಯನ್ನು ಹೊರುತ್ತಿತ್ತು. ಆರ್ಥರ್ ರಾಜನ ಕಾಲದಿಂದಲೂ ಇದು ನಮ್ಮದೇ ಎಂಬುದು ಅವರ ವಾದ. ಅಷ್ಟು ಹಿಂದಕ್ಕೆ ಹೋದವರೊಡನೆ ಜಗಳ ಯಾರಿಗೆ ಬೇಕು, ಅವರನ್ನು ಹಾಗೇ ಬಿಡಲಾಯಿತು.

ಗುರಾಣಿಯ ಬಣ್ಣ ಇಷ್ಟು ಬೆಲೆಬಾಳುವ ಸೊತ್ತಾಗಿ ಆಗಿನ್ನೂ ಬಹಳ ಕಾಲವಾಗಿರಲಿಲ್ಲ. 1066ರ ಹೇಸ್ಟಿಂಗ್ಸ್ ಕದನವನ್ನು ಕಸೂತಿಯಲ್ಲಿ ಹೇಳುವ ಬೇಯೂ ಪಟದ ಗುರಾಣಿಗಳಲ್ಲಿ ಚಿತ್ತಾರಗಳೇನೋ ಇವೆ. ಆದರೆ ಇಂಥದ್ದು ಇಂಥವರದೇ ಎಂಬ ಕಟ್ಟುಪಾಡಿಲ್ಲ. ನಾರ್ಮಂಡಿಯ ವಿಲಿಯಂ ಸತ್ತನೆಂಬ ಗುಲ್ಲು ಹಬ್ಬಿದಾಗ ಅವನು ಶಿರಸ್ತ್ರಾಣ ಎತ್ತಿ ತನ್ನ ಸೈನಿಕರಿಗೇ ಮುಖ ತೋರಿಸಬೇಕಾಯಿತು. ಗುರಾಣಿ ನೋಡಿ ಗುರುತು ಹಿಡಿಯುವ ಹಾಗಿದ್ದರೆ ಆ ಪಾಡು ಬರುತ್ತಿರಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಚಿತ್ರ ಬದಲಾಯಿತು. ಆನ್‌ಜೂ ಪ್ರಾಂತದ ದೊರೆ ಜೆಫ್ರಿ 1151ರಲ್ಲಿ ತೀರಿಕೊಂಡ. ಅವನ ಸಮಾಧಿಗೆಂದು ಮಾಡಿಸಿದ ಎನಾಮೆಲ್ ಫಲಕ ಫ್ರಾನ್ಸಿನ ಲ ಮಾನ್ ಊರಿನಲ್ಲಿ ಇಂದಿಗೂ ಇದೆ. ಅದರಲ್ಲಿ ಅವನು ಹಿಡಿದಿರುವುದು ಉದ್ದನೆಯ ನೀಲಿ ಗುರಾಣಿ, ಮೇಲೆ ಪಂಜವೆತ್ತಿದ ಚಿನ್ನದ ಸಿಂಹಗಳು. 1226ರಲ್ಲಿ ಸತ್ತ ಅವನ ಮೊಮ್ಮಗ ವಿಲಿಯಂ ಲಾಂಗ್‌ಸ್ಪೀ ಇಂಗ್ಲೆಂಡಿನ ಸಾಲ್ಸ್‌ಬರಿ ಕೆಥೆಡ್ರಲ್‌ನಲ್ಲಿ ಕಲ್ಲಾಗಿ ಮಲಗಿದ್ದಾನೆ. ಅವನ ಗುರಾಣಿಯಲ್ಲೂ ಅವೇ ಸಿಂಹಗಳು. ತಾತನ ಅಲಂಕಾರ ಮೊಮ್ಮಗನಿಗೆ ಪಿತ್ರಾರ್ಜಿತವಾಗಿ ಇಳಿದಿದೆ.

ಮುಖ ಮುಚ್ಚುವ ಶಿರಸ್ತ್ರಾಣ ಬಂದದ್ದರಿಂದ ಗುರುತಿಗಾಗಿ ಲಾಂಛನ ಬಂತು ಎನ್ನುವುದು ರೂಢಿಯ ವಿವರಣೆ. ನನಗೆ ಅದು ಅರ್ಧ ಕತೆ ಅನ್ನಿಸುತ್ತದೆ. ಇನ್ನರ್ಧ ಇರುವುದು ಪಂದ್ಯದ ಕಣದಲ್ಲಿ. ಸರದಾರರು ಕುದುರೆಯೇರಿ ಕಾದಾಡುವ ಟೂರ್ನಮೆಂಟುಗಳಲ್ಲಿ ಗೆದ್ದವನು ಯಾರೆಂದು ಜನಕ್ಕೆ ಗೊತ್ತಾಗದಿದ್ದರೆ ಗೆದ್ದೇನು ಫಲ? ಅಲ್ಲಿ ಹೆಸರು ಕೂಗಿ ಹೇಳುತ್ತಿದ್ದವರೇ ಹೆರಾಲ್ಡ್‌ಗಳು. ನಮ್ಮ ವಂದಿಮಾಗಧರ ಕೆಲಸವನ್ನೂ ಡಂಗೂರದವನ ಕೆಲಸವನ್ನೂ ಒಟ್ಟಿಗೇ ಮಾಡುತ್ತಿದ್ದವರು. ಲಾಂಛನಗಳ ಪಟ್ಟಿ ಬರೆದಿಟ್ಟವರೂ ನಿಯಮ ಕಟ್ಟಿದವರೂ ಇವರೇ. ಚಿನ್ನ, ಬೆಳ್ಳಿ ಲೋಹಗಳು. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಬಣ್ಣಗಳು. ಲೋಹದ ಮೇಲೆ ಲೋಹ ಕೂಡದು, ಬಣ್ಣದ ಮೇಲೆ ಬಣ್ಣ ಕೂಡದು. ದೂರದಿಂದ ಎದ್ದು ಕಾಣಬೇಕಲ್ಲ! 1484ರಲ್ಲಿ ಮೂರನೆಯ ರಿಚರ್ಡ್ ಇವರಿಗೆ ಸನದು ಕೊಟ್ಟು ಒಂದು ಸಂಸ್ಥೆಯನ್ನೇ ಮಾಡಿದ. ಲಂಡನ್ನಿನ ಆ ಕಾಲೇಜ್ ಆಫ್ ಆರ್ಮ್ಸ್ ಇವತ್ತಿಗೂ ಕೆಲಸ ಮಾಡುತ್ತಿದೆ.

ಕೆಂಪೆಂದರೆ ಶೌರ್ಯ, ನೀಲಿಯೆಂದರೆ ನಿಷ್ಠೆ ಎಂಬ ಅರ್ಥಕೋಶಗಳೆಲ್ಲ ಬಹುಪಾಲು ಆಮೇಲೆ ಹೊಸೆದವು. ನಿಜವಾದ ಅರ್ಥ ಎಷ್ಟೋ ಸಲ ಬರೀ ಹೆಸರಿನ ಚಮತ್ಕಾರ. ಸ್ಪೇನಿನ ಕ್ಯಾಸ್ಟೀಲ್ ರಾಜ್ಯಕ್ಕೆ ಕೋಟೆ, ಲೆಯಾನ್‌ಗೆ ಸಿಂಹ. ಷೇಕ್ಸ್‌ಪಿಯರ್‌ಗೆ ಈಟಿ.

ಈ ಈಟಿಯ ಕತೆಯನ್ನು ಕೊಂಚ ನಿಂತು ನೋಡಬೇಕು. ಕವಿಯ ತಂದೆ ಜಾನ್ ಷೇಕ್ಸ್‌ಪಿಯರ್ ಸ್ಟ್ರಾಟ್‌ಫರ್ಡ್‌ನಲ್ಲಿ ಕೈಗವಸು ಮಾಡುತ್ತಿದ್ದವನು, ಒಂದು ಕಾಲಕ್ಕೆ ಆ ಪಟ್ಟಣದ ಮುಖ್ಯಸ್ಥನೂ ಆಗಿದ್ದವನು. ಹಿಂದೊಮ್ಮೆ ಲಾಂಛನಕ್ಕೆ ಪ್ರಯತ್ನಿಸಿದಾಗ ಕೈಗೂಡಿರಲಿಲ್ಲ. ಮಗ ಲಂಡನ್ನಿನ ರಂಗಭೂಮಿಯಲ್ಲಿ ನಾಲ್ಕು ಕಾಸು ಕಂಡ ಮೇಲೆ, 1596ರ ಅಕ್ಟೋಬರ್ 20ರಂದು, ವಿಲಿಯಂ ಡೆಥಿಕ್ ಎಂಬ ಹಿರಿಯ ಹೆರಾಲ್ಡ್ ಅದನ್ನು ದಯಪಾಲಿಸಿದ. ಚಿನ್ನದ ಮೈ, ಕಪ್ಪು ಓರೆಪಟ್ಟಿ, ಪಟ್ಟಿಯ ಮೇಲೆ ಬೆಳ್ಳಿಮೊನೆಯ ಚಿನ್ನದ ಈಟಿ. ನೆತ್ತಿಯಲ್ಲಿ ಈಟಿ ಹಿಡಿದು ರೆಕ್ಕೆ ಬಿಚ್ಚಿದ ಡೇಗೆ.

ಎಲ್ಲರಿಗೂ ಇದು ರುಚಿಸಲಿಲ್ಲ. ರಾಲ್ಫ್ ಬ್ರೂಕ್ ಎಂಬ ಇನ್ನೊಬ್ಬ ಹೆರಾಲ್ಡ್, ಡೆಥಿಕ್ ಕಂಡಕಂಡವರಿಗೆ ಲಾಂಛನ ಹಂಚುತ್ತಿದ್ದಾನೆಂದು 1602ರಲ್ಲಿ ದೂರು ಕೊಟ್ಟ. ದೂರಿನ ಪಟ್ಟಿಯಲ್ಲಿ ಷೇಕ್ಸ್‌ಪಿಯರ್‌ನ ಗುರಾಣಿಯ ರೇಖಾಚಿತ್ರವೂ ಇತ್ತು, ಅದರ ಕೆಳಗೆ ‘ಷೇಕ್ಸ್‌ಪಿಯರ್, ನಟ’ ಎಂಬ ಟಿಪ್ಪಣಿ. ನಾಟಕದವನಿಗೂ ಗುರಾಣಿಯೇ ಎಂಬ ತಾತ್ಸಾರ ಅಲ್ಲಿದೆ. ಮೇಲಾಗಿ ಇದು ಮಾಲೀ ಪ್ರಭುಗಳ ಲಾಂಛನವನ್ನು ಹೋಲುತ್ತದೆ ಎಂಬ ತಕರಾರು ಬೇರೆ. ಪಟ್ಟಿಯ ಮೇಲೆ ಈಟಿ ಇದೆಯಲ್ಲ, ವ್ಯತ್ಯಾಸಕ್ಕೆ ಅಷ್ಟು ಸಾಕು ಎಂದಿತು ಡೆಥಿಕ್‌ನ ಪಕ್ಷ.

ಇಷ್ಟೆಲ್ಲ ಮಾಡಿ ಪಡೆದದ್ದು ಯಾರಿಗೆ ದಕ್ಕಿತು? ಲಾಂಛನ ಕೈಸೇರುವ ಎರಡು ತಿಂಗಳ ಮೊದಲೇ, ಆಗಸ್ಟ್ 11ರಂದು, ಕವಿಯ ಒಬ್ಬನೇ ಮಗ, ಹನ್ನೊಂದು ವರ್ಷದ ಹ್ಯಾಮ್ನೆಟ್‌ನನ್ನು ಮಣ್ಣು ಮಾಡಿದ್ದರು. ಕವಿಯ ಮೂವರು ತಮ್ಮಂದಿರೂ ಅವನಿಗಿಂತ ಮುಂಚೆ ಹೋದರು. 1616ರಲ್ಲಿ ಅವನೇ ಸತ್ತಾಗ ಈಟಿ ಹೊರುವ ಗಂಡುಸಂತಾನ ಮನೆಯಲ್ಲಿ ಉಳಿದಿರಲಿಲ್ಲ. 1670ರಲ್ಲಿ ಮೊಮ್ಮಗಳು ಎಲಿಜಬೆತ್‌ಳೊಂದಿಗೆ ನೇರ ಸಂತತಿಯೂ ಮುಗಿಯಿತು.

ಇವತ್ತು ಅಡ್ಡಹೆಸರು ಹೇಳಿದರೆ ಸಾಕು, ‘ನಿಮ್ಮ ವಂಶದ ಲಾಂಛನ’ವನ್ನು ಚೌಕಟ್ಟು ಹಾಕಿಯೋ ಕಾಫಿ ಮಗ್ಗಿನ ಮೇಲೆ ಅಚ್ಚೊತ್ತಿಯೋ ಕೊಡುವ ಅಂಗಡಿಗಳಿವೆ. ಇಂಗ್ಲೆಂಡಿನ ಕಟ್ಟಳೆ ಅದನ್ನು ಒಪ್ಪುವುದಿಲ್ಲ. ಲಾಂಛನ ಸಿಕ್ಕುವುದು ಒಬ್ಬ ವ್ಯಕ್ತಿಗೆ, ಇಳಿಯುವುದು ಅವನ ಗಂಡುಸಂತತಿಗೆ. ಹೆಸರು ಒಂದೇ ಆದ ಮಾತ್ರಕ್ಕೆ ಪಾಲು ಕೇಳುವಂತಿಲ್ಲ. ಷೇಕ್ಸ್‌ಪಿಯರ್ ಎಂಬ ಹೆಸರಿನವರು ಎಷ್ಟೇ ಜನರಿರಲಿ, ಆ ಈಟಿ ಅವರದಾಗುವುದಿಲ್ಲ. ಪೋಲೆಂಡಿನಲ್ಲಿ ಮಾತ್ರ ಬೇರೆ ಬೇರೆ ಅಡ್ಡಹೆಸರಿನ ಎಷ್ಟೋ ಮನೆತನಗಳು ಒಂದೇ ಲಾಂಛನದ ಕೆಳಗೆ ಬರುತ್ತವೆ, ಅದು ಬೇರೆಯೇ ಪದ್ಧತಿ.

ಗ್ರೋವ್ನರ್ ಸೋತದ್ದೂ ಈ ನಿಯಮದ ಮೇಲೆಯೇ. ಪಟ್ಟಿ ಸ್ಕ್ರೋಪರದ್ದೆಂದು ತೀರ್ಪು ಬಂದಾಗ, ಸುತ್ತ ಬೆಳ್ಳಿಯ ಅಂಚು ಹಾಕಿಕೊಂಡರೆ ಗ್ರೋವ್ನರ್ ಅದನ್ನೇ ಬಳಸಬಹುದೆಂಬ ರಿಯಾಯಿತಿ ಸಿಕ್ಕಿತ್ತು. 1390ರಲ್ಲಿ ರಾಜ ಅದನ್ನೂ ಕಿತ್ತುಹಾಕಿದ. ಅಂಚು ಸೇರಿಸಿ ಹೊರುವುದು ರಕ್ತಸಂಬಂಧಿಗೆ ಸಲ್ಲುತ್ತದೆ, ಹೊರಗಿನವನಿಗಲ್ಲ. ಗ್ರೋವ್ನರ್ ನೀಲಿ ಮೈ ಉಳಿಸಿಕೊಂಡು ಪಟ್ಟಿಯ ಜಾಗದಲ್ಲಿ ಚಿನ್ನದ ಗೋಧಿಯ ಸಿವುಡು ಹಾಕಿಸಿಕೊಂಡ. ಆ ಮನೆತನ ಮುಂದೆ ವೆಸ್ಟ್‌ಮಿನ್‌ಸ್ಟರ್‌ನ ಡ್ಯೂಕ್ ಪದವಿಗೇರಿತು. ಐದು ಶತಮಾನ ಕಳೆದರೂ ಹೊಟ್ಟೆಯುರಿ ಆರಿರಲಿಲ್ಲವೇನೋ, 1880ರ ಡರ್ಬಿ ಗೆದ್ದ ಡ್ಯೂಕನ ಕುದುರೆಯ ಹೆಸರು ‘ಬೆಂಡ್ ಆರ್’. ಎಂದರೆ, ಕಳೆದುಕೊಂಡ ಅದೇ ಚಿನ್ನದ ಓರೆಪಟ್ಟಿ.

ಈ ಗುರಾಣಿಯ ವ್ಯಾಕರಣ ನಮ್ಮಲ್ಲಿಗೂ ಬಂತು. 1877ರ ದೆಹಲಿ ದರ್ಬಾರಿನಲ್ಲಿ ದೇಶೀ ಅರಸರಿಗೆಂದು ರಾಬರ್ಟ್ ಟೇಲರ್ ಎಂಬ ಬಂಗಾಳದ ಅಧಿಕಾರಿ ಯುರೋಪಿನ ಮಾದರಿಯಲ್ಲಿ ಲಾಂಛನ ರಚಿಸಿ ಬಾವುಟ ಮಾಡಿಸಿದ. ಇಲ್ಲಿನ ಅರಸರಿಗೆ ಲಾಂಛನವೇನೂ ಹೊಸದಲ್ಲ. ಚಾಲುಕ್ಯರಿಗೆ ವರಾಹವಿತ್ತು, ಬಳ್ಳಿಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲೇ ಗಂಡಭೇರುಂಡನಿಗೆ ಕಂಬ ಎದ್ದಿತ್ತು. ಹೊಸದಾಗಿ ಬಂದದ್ದು ಚೌಕಟ್ಟು: ನಡುವೆ ಗುರಾಣಿ, ನೆತ್ತಿಯಲ್ಲೊಂದು ಗುರುತು, ಎರಡೂ ಬದಿಗೆ ಆನಿಸಿ ನಿಂತ ಪ್ರಾಣಿಗಳು. ಕರ್ನಾಟಕ ಸರ್ಕಾರದ ಯಾವ ಆದೇಶಪತ್ರದ ನೆತ್ತಿಯನ್ನು ನೋಡಿದರೂ ಆ ಚೌಕಟ್ಟು ಕಾಣುತ್ತದೆ. ಕೆಂಪು ಗುರಾಣಿಯಲ್ಲಿ ಬಿಳಿಯ ಗಂಡಭೇರುಂಡ, ಮೇಲೆ ಅಶೋಕನ ಸಿಂಹಗಳು, ಅತ್ತಿತ್ತ ಆನೆಸೊಂಡಿಲಿನ ಸಿಂಹಗಳು. ಕೆಂಪು ಬಣ್ಣ, ಮೇಲೆ ಬೆಳ್ಳಿಯ ಹಕ್ಕಿ. ಆ ಹಳೆಯ ಹೆರಾಲ್ಡ್‌ಗಳು ಬಂದು ನೋಡಿದರೂ ತಪ್ಪು ಹುಡುಕಲಾರರು.