ಲಕ್ಷಾಂತರ ಕಿಲೋಮೀಟರ್ ಓಡಿದ ಎಸ್‌ಯುವಿ: ದಿನನಿತ್ಯದ ವ್ಯವಹಾರಕ್ಕೆ ಎಷ್ಟರಮಟ್ಟಿಗೆ ಲಾಭದಾಯಕ?

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿಯಂತಹ ಹೋಬಳಿ ಕೇಂದ್ರದಲ್ಲಿ ವ್ಯಾಪಾರ ಮಾಡುವವರಿಗೆ ವಾಹನವು ವೈಭವದ ವಸ್ತುವಲ್ಲ, ದುಡಿಮೆಯ ಸಾಧನ. ಬೆಳಗ್ಗೆ ಶಿಡ್ಲಘಟ್ಟದ ರೇಷ್ಮೆಗೂಡಿನ ಹರಾಜಿಗೆ ಹೋಗಬೇಕು, ಮಧ್ಯಾಹ್ನ ಚಿಂತಾಮಣಿಯ ಮಾರುಕಟ್ಟೆ ಮತ್ತು ಬ್ಯಾಂಕಿನ ಕೆಲಸ ಮುಗಿಸಬೇಕು, ವಾರಕ್ಕೊಮ್ಮೆ ಬೆಂಗಳೂರಿಗೋ ಗಡಿಯಾಚೆಯ ಮದನಪಲ್ಲಿಗೋ ಹೋಗಿಬರಬೇಕು. ಇಂತಹ ಓಡಾಟಕ್ಕೆ ನಮ್ಮ ಭಾಗದ ಅನೇಕ ವರ್ತಕರು ಹಾಗೂ ಸಣ್ಣ ತಯಾರಕರು ಇಂದಿಗೂ ಎರಡು ಲಕ್ಷ, ಮೂರು ಲಕ್ಷ ಕಿಲೋಮೀಟರ್ ಕ್ರಮಿಸಿದ ಹಳೆಯ ಎಸ್‌ಯುವಿಗಳನ್ನೇ ನೆಚ್ಚಿಕೊಂಡಿದ್ದಾರೆ. 1994ರಲ್ಲಿ ಮಾರುಕಟ್ಟೆಗೆ ಬಂದು 2019ರವರೆಗೆ ತಯಾರಾದ ಟಾಟಾ ಸುಮೊ, 2000ದಲ್ಲಿ ಬಂದ ಮಹೀಂದ್ರ ಬೊಲೆರೊ, ನಮ್ಮ ರಾಜ್ಯದ ಬಿಡದಿಯಲ್ಲಿಯೇ 2000ದಿಂದ 2005ರವರೆಗೆ ತಯಾರಾದ ಟೊಯೋಟಾ ಕ್ವಾಲಿಸ್, 2002ರ ಸ್ಕಾರ್ಪಿಯೊ, 2005ರ ಇನ್ನೋವಾ ಮುಂತಾದವು ಈ ಸಾಲಿಗೆ ಸೇರುತ್ತವೆ.

ಇಂತಹ ವಾಹನವನ್ನು ಇಟ್ಟುಕೊಳ್ಳುವುದು ಮಿತವ್ಯಯವೇ ಅಥವಾ ಕಣ್ಣಿಗೆ ಕಾಣದ ನಷ್ಟವೇ ಎಂಬ ಪ್ರಶ್ನೆ ಪದೇ ಪದೇ ಏಳುತ್ತದೆ. ಭಾವನೆಯನ್ನು ಬದಿಗಿಟ್ಟು, ಲೆಕ್ಕ, ಯಂತ್ರದ ಸ್ಥಿತಿ ಮತ್ತು ಕಾನೂನು ಈ ಮೂರು ದೃಷ್ಟಿಗಳಿಂದ ವಿಷಯವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹೋಲಿಕೆ ಯಾವುದರೊಡನೆ?

ಸಾಮಾನ್ಯವಾಗಿ ನಾವು ಹೊಸ ಗಾಡಿಯ ಮಾಸಿಕ ಕಂತನ್ನು ಹಳೆಯ ಗಾಡಿಯ ಗ್ಯಾರೇಜು ಬಿಲ್ಲಿನೊಡನೆ ಹೋಲಿಸುತ್ತೇವೆ. ಇದು ಸರಿಯಾದ ಕ್ರಮವಲ್ಲ. ಕಂತಿನ ದೊಡ್ಡ ಭಾಗ ಅಸಲು; ಅದಕ್ಕೆ ಪ್ರತಿಯಾಗಿ ಒಂದು ಆಸ್ತಿ ಕೈಯಲ್ಲಿ ಉಳಿಯುತ್ತದೆ. ಹೋಲಿಸಬೇಕಾದದ್ದು ವಾಹನದ ಮೌಲ್ಯ ಕುಸಿತ, ಬಡ್ಡಿ, ಇಂಧನ, ವಿಮೆ ಮತ್ತು ದುರಸ್ತಿ ಇವುಗಳ ಒಟ್ಟು ಮೊತ್ತವನ್ನು.

ಉದಾಹರಣೆಗಾಗಿ, ದಿನಕ್ಕೆ 60 ಕಿ.ಮೀ.ನಂತೆ ವರ್ಷಕ್ಕೆ 300 ದಿನ, ಅಂದರೆ 18,000 ಕಿ.ಮೀ. ಓಡಾಡುವ ವರ್ತಕರೊಬ್ಬರನ್ನು ಕಲ್ಪಿಸಿಕೊಳ್ಳೋಣ. ಡೀಸೆಲ್ ದರವನ್ನು ಲೆಕ್ಕದ ಅನುಕೂಲಕ್ಕಾಗಿ ಲೀಟರಿಗೆ 90 ರೂ. ಎಂದಿಟ್ಟುಕೊಳ್ಳೋಣ.

ಹಳೆಯ ವಾಹನ (ಲೀಟರಿಗೆ 11 ಕಿ.ಮೀ.): ಇಂಧನ 1,47,000 ರೂ.; ದುರಸ್ತಿ, ಟೈರು ಮತ್ತು ನಿರ್ವಹಣೆ 70,000 ರೂ.; ವಿಮೆ 10,000 ರೂ.; ಮೌಲ್ಯ ಕುಸಿತ 15,000 ರೂ. ಒಟ್ಟು 2,42,000 ರೂ., ಅಂದರೆ ಕಿಲೋಮೀಟರಿಗೆ ಸುಮಾರು 13 ರೂ. 45 ಪೈಸೆ.

ಹೊಸ ವಾಹನ (ಬೆಲೆ 10 ಲಕ್ಷ ರೂ., ಸಾಲ 9 ಲಕ್ಷ ರೂ., ಬಡ್ಡಿ ಶೇ. 9.5, ಅವಧಿ 5 ವರ್ಷ, ಲೀಟರಿಗೆ 15 ಕಿ.ಮೀ.): ಇಂಧನ 1,08,000 ರೂ.; ಮೌಲ್ಯ ಕುಸಿತ ವರ್ಷಕ್ಕೆ ಸರಾಸರಿ 1,00,000 ರೂ.; ಬಡ್ಡಿ ಸರಾಸರಿ 47,000 ರೂ.; ವಿಮೆ 35,000 ರೂ.; ನಿರ್ವಹಣೆ 15,000 ರೂ. ಒಟ್ಟು 3,05,000 ರೂ., ಅಂದರೆ ಕಿಲೋಮೀಟರಿಗೆ ಸುಮಾರು 16 ರೂ. 95 ಪೈಸೆ.

ಹಳೆಯ ವಾಹನದಿಂದ ವರ್ಷಕ್ಕೆ ಉಳಿಯುವುದು ಸುಮಾರು 63,000 ರೂ. ಮಾತ್ರ ಎಂಬುದನ್ನು ಇಲ್ಲಿ ಗಮನಿಸಬೇಕು. ಕಂತಿಲ್ಲದ ಕಾರಣ ತಿಂಗಳಿಗೆ 19,000 ರೂ. ಉಳಿಯಿತೆಂದು ಭಾವಿಸುವುದು ಭ್ರಮೆ. ಒಂದು ಇಂಜಿನ್ ಕೆಲಸ ಅಥವಾ ಗೂಡಿನ ಸುಗ್ಗಿಯಲ್ಲಿ ಗಾಡಿ ನಾಲ್ಕು ದಿನ ಗ್ಯಾರೇಜಿನಲ್ಲಿ ನಿಂತರೆ ಈ ಉಳಿತಾಯ ಅಳಿಸಿಹೋಗುತ್ತದೆ. ಓಡಾಟ ಹೆಚ್ಚಿದಷ್ಟೂ ಹಳೆಯ ಗಾಡಿಯ ಅನುಕೂಲ ಕುಗ್ಗುತ್ತದೆ. ವರ್ಷಕ್ಕೆ 36,000 ಕಿ.ಮೀ. ಓಡಿಸುವವರಿಗೆ ಇಂಧನದ ವ್ಯತ್ಯಾಸವೇ 78,000 ರೂ. ಮೀರುತ್ತದೆ, ದುರಸ್ತಿಯೂ ಅದರೊಡನೆ ಬೆಳೆಯುವುದರಿಂದ ಎರಡರ ವೆಚ್ಚ ಬಹುತೇಕ ಸರಿಸಮವಾಗುತ್ತದೆ.

ಆದರೂ ಹಳೆಯ ವಾಹನದ ಪರವಾಗಿ ಒಂದು ಬಲವಾದ ವಾದವಿದೆ. ನಮ್ಮ ಭಾಗದ ವ್ಯಾಪಾರ ಟೊಮೆಟೊ, ರೇಷ್ಮೆ, ಮಾವುಗಳನ್ನು ಅವಲಂಬಿಸಿದೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಪೆಟ್ಟಿಗೆ 2,000 ರೂ. ದಾಟಿತ್ತು, ಅದೇ ಟೊಮೆಟೊವನ್ನು ಬೆಲೆಯಿಲ್ಲದೆ ರಸ್ತೆಗೆ ಸುರಿದ ವರ್ಷಗಳನ್ನೂ ನಾವು ಕಂಡಿದ್ದೇವೆ. ಕೈಗೆ ಹಣ ಬರುವುದು ಹೀಗೆ ಏರಿಳಿಯುವಾಗ, ತಪ್ಪದೆ ಕಟ್ಟಬೇಕಾದ ವರ್ಷಕ್ಕೆ 2,27,000 ರೂ.ಗಳ ಕಂತು ಸಣ್ಣ ವ್ಯಾಪಾರಿಯ ದುಡಿಯುವ ಬಂಡವಾಳವನ್ನೇ ನುಂಗಬಹುದು. ದುರಸ್ತಿಯ ಕೆಲವು ಭಾಗವನ್ನು ತಿಂಗಳೆರಡು ತಿಂಗಳು ಮುಂದೂಡಬಹುದು; ಕಂತನ್ನು ಮುಂದೂಡಲಾಗದು.

ಯಂತ್ರದ ಪರೀಕ್ಷೆ

ಕಿಲೋಮೀಟರಿನ ಅಂಕಿಗಿಂತ ಆ ಕಿಲೋಮೀಟರುಗಳನ್ನು ಹೇಗೆ ಓಡಿಸಲಾಗಿದೆ ಎಂಬುದು ಮುಖ್ಯ. ಹೆದ್ದಾರಿಯಲ್ಲಿ ಸಮವೇಗದಿಂದ ಓಡಿದ ಎರಡೂವರೆ ಲಕ್ಷ ಕಿ.ಮೀ. ಗಾಡಿಯು, ಹಳ್ಳಿ ರಸ್ತೆಯಲ್ಲಿ ಮಿತಿಮೀರಿದ ಭಾರ ಹೊತ್ತು ಓಡಿದ ಒಂದೂವರೆ ಲಕ್ಷದ ಗಾಡಿಗಿಂತ ಗಟ್ಟಿಯಾಗಿರುವುದು ಸಾಮಾನ್ಯ. ಆದುದರಿಂದ ಇಟ್ಟುಕೊಳ್ಳುವ ಅಥವಾ ಕೊಳ್ಳುವ ಮುನ್ನ ಈ ಕೆಳಗಿನ ಅಂಶಗಳನ್ನು ಮೇಸ್ತ್ರಿಯ ಸಮ್ಮುಖದಲ್ಲಿ ಪರಿಶೀಲಿಸಬೇಕು.

ಮೊದಲನೆಯದು ಇಂಜಿನ್. ಇಂಜಿನ್ ಚಾಲನೆಯಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ತೆಗೆದರೆ ಹೊಗೆ ರಭಸವಾಗಿ ನುಗ್ಗಿಬರುತ್ತಿದ್ದಲ್ಲಿ ಪಿಸ್ಟನ್ ರಿಂಗುಗಳು ಸವೆದಿವೆ ಎಂದರ್ಥ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಸೂಚನೆ. ಕಪ್ಪು ಹೊಗೆಗೆ ಇಂಜೆಕ್ಟರ್, ಏರ್ ಫಿಲ್ಟರ್ ಅಥವಾ ಟರ್ಬೊ ಕಾರಣವಿರಬಹುದು. ಬಿಳಿ ಹೊಗೆ ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಅನ್ನು ಅನುಮಾನಿಸಬೇಕು. ಟೈಮಿಂಗ್ ಬೆಲ್ಟ್ ಇರುವ ಇಂಜಿನ್‌ಗಳಲ್ಲಿ, ತಯಾರಕರ ಕೈಪಿಡಿ ಸೂಚಿಸುವ ಅಂತರಕ್ಕೆ, ಅಂದರೆ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಲಕ್ಷ ಕಿ.ಮೀ.ಗೆ, ಬೆಲ್ಟನ್ನು ಬದಲಿಸಲೇಬೇಕು. ಓಟದಲ್ಲಿ ಬೆಲ್ಟ್ ತುಂಡಾದರೆ ವಾಲ್ವುಗಳು ಪಿಸ್ಟನ್‌ಗೆ ಬಡಿದು, ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿಯಬೇಕಾದ ಕೆಲಸ ಇಡೀ ಹೆಡ್‌ನ ಕೆಲಸವಾಗಿ ಪರಿಣಮಿಸುತ್ತದೆ. ಹಿಂದಿನ ಮಾಲೀಕರಲ್ಲಿ ಬೆಲ್ಟ್ ಬದಲಿಸಿದ ಬಿಲ್ಲು ಇಲ್ಲವಾದರೆ, ಬದಲಿಸಿಲ್ಲವೆಂದೇ ತಿಳಿದು ನಡೆಯುವುದು ಕ್ಷೇಮ.

ಎರಡನೆಯದು ತಂಪುಗೊಳಿಸುವ ವ್ಯವಸ್ಥೆ. ನಮ್ಮ ಬಯಲುಸೀಮೆಯಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಆಳದ ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ತುಂಬುವ ರೂಢಿ ಇನ್ನೂ ಇದೆ. ಆ ನೀರಿನ ಲವಣಗಳು ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಮತ್ತು ಇಂಜಿನ್ನಿನ ಒಳದಾರಿಗಳಲ್ಲಿ ಸುಣ್ಣದಂತೆ ಗಟ್ಟಿಯಾಗಿ ಕುಳಿತು ಶಾಖ ಹೊರಹೋಗದಂತೆ ತಡೆಯುತ್ತವೆ. ಹಳೆಯ ಡೀಸೆಲ್ ಇಂಜಿನ್ನುಗಳು ಸವೆದು ಕೆಡುವುದಕ್ಕಿಂತ ಕುದಿದು ಕೆಡುವುದೇ ಹೆಚ್ಚು. ರೇಡಿಯೇಟರನ್ನು ಒಮ್ಮೆ ಬಿಚ್ಚಿಸಿ ಸ್ವಚ್ಛಗೊಳಿಸಿ, ಹೋಸ್‌ಪೈಪುಗಳನ್ನೂ ಥರ್ಮೋಸ್ಟಾಟನ್ನೂ ಬದಲಿಸಿ, ಬಟ್ಟಿ ಇಳಿಸಿದ ನೀರಿನೊಡನೆ ಕೂಲೆಂಟ್ ತುಂಬಿಸಿದರೆ ಈ ಭಯ ಬಹುಮಟ್ಟಿಗೆ ದೂರವಾಗುತ್ತದೆ. ತಾಪಮಾಪಕದ ಮುಳ್ಳು ಏರಿದ ಮೇಲೂ ‘ಊರು ಹತ್ತಿರ ಬಂತು’ ಎಂದು ಓಡಿಸುವುದು ಎಲ್ಲಕ್ಕಿಂತ ದುಬಾರಿಯಾದ ತಪ್ಪು.

ಮೂರನೆಯದು ಧೂಳು. ಮಣ್ಣಿನ ರಸ್ತೆಯಲ್ಲಿ ಓಡುವ ಗಾಡಿಗೆ ಕೈಪಿಡಿಯ ಅಂತರಕ್ಕಿಂತ ಬೇಗನೆ ಏರ್ ಫಿಲ್ಟರ್ ಬದಲಿಸಬೇಕು. ಡೀಸೆಲ್ ಫಿಲ್ಟರಿನ ತಳದಲ್ಲಿ ಸೇರುವ ನೀರನ್ನು ಆಗಾಗ್ಗೆ ಬಿಡಬೇಕು.

ನಾಲ್ಕನೆಯದು ಚಾಸಿ, ಸ್ಟಿಯರಿಂಗ್ ಮತ್ತು ಬ್ರೇಕು. ಲೀಫ್ ಸ್ಪ್ರಿಂಗಿನ ಬುಷ್, ಬಾಲ್ ಜಾಯಿಂಟ್, ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಇವು ಸವೆಯುವುದು ಸಹಜ. ಬದಲಿಸಿದರೆ ಗಾಡಿ ಮತ್ತೆ ಬಿಗಿಯಾಗುತ್ತದೆ. ಆದರೆ ಚಾಸಿಯೇ ತುಕ್ಕು ಹಿಡಿದು ತೂತಾಗಿದ್ದರೆ ಅಥವಾ ಬೆಸುಗೆ ಬಿದ್ದಿದ್ದರೆ ಅಂತಹ ವಾಹನವನ್ನು ಕೈಬಿಡುವುದೇ ಲೇಸು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2318 ಎಂದಿದ್ದರೆ 2018ರ 23ನೆಯ ವಾರ. ಹೂವು ಉಳಿದಿದ್ದರೂ ವಯಸ್ಸಾದ ಟೈರು ವೇಗದಲ್ಲಿ ಸಿಡಿಯಬಲ್ಲದು.

ಸುರಕ್ಷತೆಯ ಮಿತಿಯನ್ನು ಮರೆಯಬಾರದು. ನಮ್ಮ ದೇಶದಲ್ಲಿ ಕಾರುಗಳಿಗೆ ಎಬಿಎಸ್ ಬ್ರೇಕು 2019ರ ಏಪ್ರಿಲ್‌ನಿಂದ, ಚಾಲಕನ ಏರ್‌ಬ್ಯಾಗ್ 2019ರ ಜುಲೈನಿಂದ ಕಡ್ಡಾಯವಾದವು. ಅದಕ್ಕೆ ಮುಂಚಿನ ಬಹುತೇಕ ಎಸ್‌ಯುವಿಗಳಲ್ಲಿ ಇವು ಇಲ್ಲ; ಎತ್ತರದ ಮೈಕಟ್ಟಿನ ಕಾರಣ ತಿರುವಿನಲ್ಲಿ ಉರುಳುವ ಸಂಭವವೂ ಹೆಚ್ಚು. ಈ ಕೊರತೆಯನ್ನು ಯಾವ ಗ್ಯಾರೇಜೂ ತುಂಬಿಕೊಡಲಾರದು. ವೇಗವನ್ನು ಮಿತಿಯಲ್ಲಿಟ್ಟು, ಸೀಟ್ ಬೆಲ್ಟ್ ಕಟ್ಟಿ, ಹಿಂಬದಿಯ ಅಡ್ಡ ಸೀಟುಗಳಲ್ಲಿ ಮಕ್ಕಳನ್ನು ಕೂರಿಸದಿರುವುದೊಂದೇ ಮಾರ್ಗ.

ಕಾಗದಪತ್ರಗಳ ವಿಷಯ

ಹದಿನೈದು ವರ್ಷ ತುಂಬಿದ ಡೀಸೆಲ್ ಗಾಡಿಯನ್ನು ಗುಜರಿಗೆ ಹಾಕಲೇಬೇಕೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಹತ್ತು ವರ್ಷದ ಡೀಸೆಲ್ ವಾಹನಗಳ ಕುರಿತು 2015ರಲ್ಲಿ ಹಸಿರು ನ್ಯಾಯಮಂಡಳಿ ನೀಡಿದ ಮತ್ತು 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದ ಆದೇಶ ದೆಹಲಿ ಪ್ರದೇಶಕ್ಕೆ ಸಂಬಂಧಿಸಿದ್ದು. ಇತರೆಡೆ, ಮೋಟಾರು ವಾಹನಗಳ ಕಾಯಿದೆಯಂತೆ ಖಾಸಗಿ ವಾಹನದ ನೋಂದಣಿ 15 ವರ್ಷ ಊರ್ಜಿತದಲ್ಲಿದ್ದು, ವಾಹನ ತಪಾಸಣೆಯಲ್ಲಿ ಯೋಗ್ಯವೆಂದು ಕಂಡುಬಂದಲ್ಲಿ 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬಹುದು. 2022ರ ಏಪ್ರಿಲ್‌ನಿಂದ ಕಾರು, ಜೀಪುಗಳ ನವೀಕರಣ ಶುಲ್ಕ 5,000 ರೂ. ಆಗಿದೆ, 20 ವರ್ಷ ಮೀರಿದವುಗಳಿಗೆ 2025ರ ಆಗಸ್ಟ್‌ನ ಅಧಿಸೂಚನೆಯಂತೆ 10,000 ರೂ. ಅವಧಿ ಮೀರಿದರೆ ತಿಂಗಳಿಗೆ 500 ರೂ. ಹೆಚ್ಚುವರಿ. ಇದರೊಡನೆ ರಾಜ್ಯದ ಹಸಿರು ತೆರಿಗೆಯೂ ಸೇರುತ್ತದೆ. ಅವಧಿ ಮುಗಿಯುವ 60 ದಿನ ಮುಂಚಿತವಾಗಿಯೇ ಅರ್ಜಿ ಸಲ್ಲಿಸಲು ಅವಕಾಶವಿದೆ. ಬಿಎಸ್-4ಕ್ಕಿಂತ ಹಳೆಯ ವಾಹನಗಳು ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆ ಮಾಡಿಸಬೇಕು.

ಗಡಿ ಭಾಗದವರಾದ ನಮಗೆ ಆಂಧ್ರದ ನೋಂದಣಿಯ ಗಾಡಿ ಅಗ್ಗವಾಗಿ ಸಿಗುವುದುಂಟು. ಆದರೆ ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗೂ ಮೀರಿ ಇಲ್ಲಿ ಇಟ್ಟುಕೊಂಡರೆ ನಿರಾಕ್ಷೇಪಣಾ ಪತ್ರ ತಂದು ಮರುನೋಂದಣಿ ಮಾಡಿಸಿ ಇಲ್ಲಿನ ತೆರಿಗೆ ಕಟ್ಟಬೇಕು. ಈ ಖರ್ಚನ್ನು ಸೇರಿಸಿದ ಮೇಲೆಯೇ ಅಗ್ಗವೋ ಅಲ್ಲವೋ ಎಂದು ತೀರ್ಮಾನಿಸಬೇಕು.

ವಿಮೆಯಲ್ಲಿ, 1500 ಸಿ.ಸಿ. ಮೀರಿದ ಖಾಸಗಿ ಕಾರಿಗೆ ಮೂರನೆಯವರ ಹಾನಿಯ ಕಡ್ಡಾಯ ವಿಮೆಯ ಕಂತು 2022ರ ದರಪಟ್ಟಿಯಂತೆ ತೆರಿಗೆ ಹೊರತುಪಡಿಸಿ 7,897 ರೂ. ಸ್ವಂತ ಹಾನಿಯ ವಿಮೆಯನ್ನೂ ಮಾಡಿಸಿದಲ್ಲಿ, ರಬ್ಬರ್ ಮತ್ತು ಪ್ಲಾಸ್ಟಿಕ್ ಭಾಗಗಳಿಗೆ ಶೇ. 50, ಹತ್ತು ವರ್ಷ ಮೀರಿದ ವಾಹನದ ಲೋಹದ ಭಾಗಗಳಿಗೂ ಶೇ. 50 ಸವಕಳಿ ಕಳೆದೇ ಪರಿಹಾರ ದೊರೆಯುತ್ತದೆ. ಖಾಸಗಿ ನೋಂದಣಿಯ ಗಾಡಿಯಲ್ಲಿ ಬಾಡಿಗೆಗೆ ಸರಕು ಅಥವಾ ಪ್ರಯಾಣಿಕರನ್ನು ಸಾಗಿಸಿದರೆ ವಿಮೆಯ ಷರತ್ತನ್ನೇ ಮುರಿದಂತಾಗುತ್ತದೆ. ಅಪಘಾತವಾದಾಗ ಅದರ ಹೊರೆ ಅಂಗಡಿ, ಮನೆಗಳ ಮೇಲೆಯೇ ಬೀಳಬಹುದು.

ತೆರಿಗೆಯ ದೃಷ್ಟಿಯಿಂದ

ವ್ಯವಹಾರದ ಲೆಕ್ಕದಲ್ಲಿ ತೋರಿಸಿದ ಕಾರಿಗೆ ಆದಾಯ ತೆರಿಗೆಯಲ್ಲಿ ಇಳಿಕೆ ಮೌಲ್ಯದ ಮೇಲೆ ಶೇ. 15 ಸವಕಳಿ ಸಿಗುತ್ತದೆ. ಹಳೆಯದಾದಷ್ಟೂ ಈ ಲಾಭ ಕಿರಿದಾಗುತ್ತದೆ. ವ್ಯವಹಾರಕ್ಕೆ ಸಂಬಂಧಿಸಿದ ದುರಸ್ತಿ, ಇಂಧನ ವೆಚ್ಚಗಳನ್ನು ಬಿಲ್ಲಿನ ಆಧಾರದಲ್ಲಿ ತೋರಿಸಬಹುದು. ಜಿಎಸ್‌ಟಿಯಲ್ಲಿ ಚಾಲಕನೂ ಸೇರಿ 13ಕ್ಕಿಂತ ಹೆಚ್ಚು ಆಸನಗಳಿಲ್ಲದ ಪ್ರಯಾಣಿಕ ವಾಹನದ ಖರೀದಿಗಾಗಲಿ, ಅದರ ದುರಸ್ತಿ, ವಿಮೆಗಳಿಗಾಗಲಿ ಸಾಮಾನ್ಯ ವರ್ತಕರಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಸರಕು ವಾಹನಕ್ಕೆ ದೊರೆಯುತ್ತದೆ. ಆದುದರಿಂದ ಮುಖ್ಯ ಕೆಲಸ ಸರಕು ಸಾಗಣೆಯೇ ಆಗಿದ್ದಲ್ಲಿ ಎಸ್‌ಯುವಿಯ ಬದಲು ಪಿಕಪ್ ವಾಹನವೇ ಸೂಕ್ತ.

2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾಗಿರುವುದನ್ನೂ ಗಮನಿಸಬೇಕು. ಬಿಡಿಭಾಗಗಳ ಮೇಲಿನ ತೆರಿಗೆ ಶೇ. 28ರಿಂದ 18ಕ್ಕೆ ಇಳಿದಿದ್ದು, ಇದು ಹಳೆಯ ಗಾಡಿಯವರಿಗೆ ಅನುಕೂಲ. ನಾಲ್ಕು ಮೀಟರ್ ಮೀರದ, 1500 ಸಿ.ಸಿ. ಮೀರದ ಹೊಸ ಡೀಸೆಲ್ ವಾಹನಕ್ಕೂ ಶೇ. 18 ಆಗಿದೆ, ದೊಡ್ಡವಕ್ಕೆ ಶೇ. 40. ಹೊಸ ಬೊಲೆರೊ ಮೊದಲ ವರ್ಗಕ್ಕೆ ಸೇರುವುದರಿಂದ ಮೇಲಿನ ಲೆಕ್ಕವನ್ನು ಇಂದಿನ ಬೆಲೆಯೊಡನೆ ಮತ್ತೊಮ್ಮೆ ಮಾಡಿನೋಡುವುದು ಒಳ್ಳೆಯದು.

ಜಿಎಸ್‌ಟಿ ನೋಂದಾಯಿತರು ವ್ಯವಹಾರದ ಹಳೆಯ ವಾಹನವನ್ನು ಮಾರಿದರೆ, 2025ರ ಜನವರಿಯಿಂದ ಲಾಭದ ಅಂತರದ ಮೇಲೆ ಶೇ. 18 ತೆರಿಗೆಯಿದೆ. 10 ಲಕ್ಷದ ವಾಹನಕ್ಕೆ ಹತ್ತು ವರ್ಷ ಸವಕಳಿ ಪಡೆದಿದ್ದರೆ ಉಳಿಕೆ ಮೌಲ್ಯ ಸುಮಾರು 1,96,900 ರೂ. ಅದನ್ನು 2,60,000 ರೂ.ಗೆ ಮಾರಿದರೆ ಅಂತರ 63,100 ರೂ.; ತೆರಿಗೆ ಸುಮಾರು 11,360 ರೂ. ಉಳಿಕೆ ಮೌಲ್ಯಕ್ಕಿಂತ ಕಡಿಮೆ ಬೆಲೆಗೆ ಹೋದರೆ ತೆರಿಗೆಯಿಲ್ಲ.

ಯಾವಾಗ ಬಿಡಬೇಕು?

ಹಳೆಯ ವಾಹನವನ್ನು ಇಟ್ಟುಕೊಳ್ಳುವವರು ಎರಡು ಶಿಸ್ತುಗಳನ್ನು ಪಾಲಿಸಬೇಕು. ಒಂದು, ಪ್ರತಿ ಖರ್ಚನ್ನೂ ಕಿಲೋಮೀಟರಿನೊಡನೆ ಬರೆದಿಡುವ ಪುಸ್ತಕ. ಎರಡು, ಉಳಿತಾಯವೆಂದು ಕಂಡ ಹಣದಿಂದ ತಿಂಗಳಿಗೆ ಐದು ಸಾವಿರ ರೂ.ಗಳನ್ನಾದರೂ ಗಾಡಿಯ ಹೆಸರಿನಲ್ಲಿ ಪ್ರತ್ಯೇಕ ಖಾತೆಗೆ ಹಾಕುವುದು. ಐದು ವರ್ಷದಲ್ಲಿ ಅದು ಮೂರು ಲಕ್ಷವಾಗಿ, ಮುಂದಿನ ವಾಹನದ ಮುಂಗಡವಾಗುತ್ತದೆ. ಈ ಹಣವನ್ನು ತೆಗೆದಿಡದವರಿಗೆ ಹಳೆಯ ಗಾಡಿಯ ಲಾಭ ಕಾಗದದ ಮೇಲಷ್ಟೇ ಉಳಿಯುತ್ತದೆ.

ಒಂದು ವರ್ಷದ ದುರಸ್ತಿ ವಾಹನದ ಮಾರುಕಟ್ಟೆ ಬೆಲೆಯ ಅರ್ಧವನ್ನು ಮೀರಿದಾಗ, ಚಾಸಿ ಕೆಟ್ಟಾಗ, ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯಬೇಕಾದಾಗ, ಅಥವಾ ಮುಂಜಾನೆಯ ಹರಾಜಿಗೆ ಹೊರಡುವ ಮುನ್ನ ‘ಇಂದು ಸ್ಟಾರ್ಟ್ ಆದೀತೆ?’ ಎಂಬ ಅನುಮಾನ ಮೂಡತೊಡಗಿದಾಗ ಬಿಡುವ ಕಾಲ ಬಂದಿತೆಂದು ತಿಳಿಯಬೇಕು. ವ್ಯಾಪಾರದಲ್ಲಿ ಹೊತ್ತಿಗೆ ಸರಿಯಾಗಿ ತಲುಪುವುದೂ ಬಂಡವಾಳವೇ. ಆ ಭರವಸೆಯನ್ನು ಕೊಡುವವರೆಗೆ ಹಳೆಯ ಗಾಡಿ ಆಸ್ತಿ. ಅದನ್ನು ಕಳೆದುಕೊಂಡ ದಿನದಿಂದ ಅದು ಸಾಲವಿಲ್ಲದ ಸಾಲವಾಗುತ್ತದೆ.